ಸರಪಳಿಯಲ್ಲಿ ಬಿಟ್ಟ ಹೆಸರು

ಹನ್ನೊಂದು ವರ್ಷ ಮದರಸದಲ್ಲಿ ಓದಿ, ಮೂವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯ ಸೇರಿದವನು ಅವನು. ಸಂಶೋಧನೆಯ ವಿಷಯ ಇಸ್ನಾದ್, ಅಂದರೆ ಪ್ರವಾದಿಯವರ ಒಂದು ಮಾತನ್ನು ಯಾರು ಯಾರಿಂದ ಕೇಳಿದರು ಎಂಬ ಹೆಸರುಗಳ ಸರಪಳಿ. ನಡುವೆ ಒಂದು ಹೆಸರು ಬಿಟ್ಟರೂ ಮಾತಿನ ತೂಕ ಇಳಿಯುತ್ತದೆ.

ಹಳೆಯ ಹಸ್ತಪ್ರತಿಗಳ ಅಂಚಿನಲ್ಲಿ ಪದೇ ಪದೇ ಕಾಣುವ ಒಂದು ಗುರುತು ಅವನನ್ನು ಎರಡು ವರ್ಷ ಸತಾಯಿಸಿತು. ಕಡೆಗೆ ಮದರಸದಲ್ಲಿ ತನಗೆ ಕಲಿಸಿದ ಉಸ್ತಾದರ ಬಳಿ ಹೋದ. ಅವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, "ಇಷ್ಟೇನಾ? ಗುರುಗಳ ಮುಂದೆ ಇಲ್ಲಿವರೆಗೆ ಓದಿ ಒಪ್ಪಿಸಿ ಆಯ್ತು ಅಂತ. ಮಾರನೇ ದಿನ ಮುಂದಿಂದ ಶುರು," ಎಂದರು, ನೀರು ಕುಡಿದಷ್ಟು ಸಲೀಸಾಗಿ.

ಉಸ್ತಾದರು ಪುಸ್ತಕ ಬರೆದವರಲ್ಲ. 'ನಮ್ಮ ಮೇಷ್ಟ್ರು ಹೇಳಿದರು' ಎಂದರೆ ವಿಭಾಗದಲ್ಲಿ ನಗುತ್ತಾರೆ ಅನ್ನಿಸಿತು. ಲೇಖನದಲ್ಲಿ 'ಪ್ರತಿಗಳ ಹೋಲಿಕೆಯಿಂದ ಕಂಡುಬಂದಂತೆ' ಎಂದು ಬರೆದ. ಲೇಖನ ಹೆಸರು ಮಾಡಿತು.

ಅದರ ಮೇಲೆ ಅವನ ಉಪನ್ಯಾಸವಿದೆಯೆಂದು ಯಾರಿಂದಲೋ ತಿಳಿದು, ಉಸ್ತಾದರು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತರು. ಮಾತು ಮುಗಿದಾಗ ಅವನ ಮಾರ್ಗದರ್ಶಕಿ ಕೇಳಿದರು, "ಇದು ನಿಮಗೆ ಹೇಗೆ ಹೊಳೀತು?"

ಅವನು ಕೊನೆಯ ಸಾಲಿನತ್ತ ನೋಡಲಿಲ್ಲ. "ಹೋಲಿಸ್ತಾ ಹೋಲಿಸ್ತಾ... ಹೊಳೀತು ಮೇಡಂ."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಉಸ್ತಾದರು.

ಮೆಟ್ಟಿಲ ಬಳಿ ಅವನ ಭುಜ ತಟ್ಟಿ, "ಅರ್ಧ ಅರ್ಥ ಆಗಲಿಲ್ಲ ಮಗನೇ. ಅದಕ್ಕೇ ದೊಡ್ಡ ವಿಷಯ ಇರಬೇಕು ಅನ್ಕೊಂಡೆ," ಎಂದು ನಕ್ಕರು.

ಅವನು ತಲೆ ತಗ್ಗಿಸಿದ. "ಉಸ್ತಾದರೇ, ನಿಮ್ಮ ಹೆಸರು ಹೇಳಬೇಕಿತ್ತು."

"ನಂದೇನಿದೆ ಅದರಲ್ಲಿ? ನಮ್ಮ ಉಸ್ತಾದರು ಹೇಳಿಕೊಟ್ಟಿದ್ದು. ಕಣ್ಣು ಹೋಗಿತ್ತು ಅವರಿಗೆ. ನನ್ನ ಅಂಗೈ ಮೇಲೆ ಬರೆದು ತೋರಿಸಿದ್ರು. ಅವರ ಹೆಸರು ಎಲ್ಲೂ ಅಚ್ಚಾಗಿಲ್ಲ. ನಿನ್ನ ಕೈಯಿಂದ ಆಗುತ್ತೆ ಅಂತ ಒಂದು ಆಸೆ ಇತ್ತು, ಅಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಮರುದಿನ ಮಾರ್ಗದರ್ಶಕಿಯ ಮುಂದೆ ಎಲ್ಲ ಹೇಳಿಕೊಂಡ. ಅವರು ಪೆನ್ನು ಕೆಳಗಿಟ್ಟರು. "ಬಾಯಿಮಾತಿನ ಮಾಹಿತಿಯನ್ನೂ ಅಡಿಟಿಪ್ಪಣಿಯಲ್ಲಿ ಹಾಕ್ತೀವಲ್ಲ. ಕೇಳಬಹುದಿತ್ತು."

"ನಗ್ತಾರೆ ಅನ್ಕೊಂಡೆ ಮೇಡಂ."

"ಯಾರು?"

ಹಾಗೆ ನಕ್ಕವರನ್ನು ಅವನು ಅಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ತಿದ್ದುಪಡಿ ಬರೆಯಲು ಕೂತಾಗ ಇನ್ನೊಂದು ಗೊತ್ತಾಯಿತು. ಹನ್ನೊಂದು ವರ್ಷ 'ಉಸ್ತಾದ್' ಎಂದಷ್ಟೇ ಕರೆದವನಿಗೆ ಅವರ ಪೂರ್ತಿ ಹೆಸರು ತಿಳಿದಿರಲಿಲ್ಲ. ಫೋನ್ ಮಾಡಿ ಕೇಳಿದ. ಅವರು ಬಿಡಿಸಿ ಬಿಡಿಸಿ ಹೇಳಿದರು, ಮೊದಲು ತಮ್ಮ ಗುರುವಿನದು, ಆಮೇಲೆ ತಮ್ಮದು.

ಲೇಖನ ಬಂದಿದ್ದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯ ಎರಡು ಸಾಲು ಅಚ್ಚಾದವು. ತೆಗೆದುಕೊಂಡು ಹೋಗಿ ಕೊಟ್ಟ. ಉಸ್ತಾದರು ತಮ್ಮ ಗುರುವಿನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದರು.

"ಕೂತ್ಕೋ ಮಗನೇ, ಟೀ ತರಿಸ್ತೀನಿ," ಎಂದರು.

ಅವನು ನಿಂತೇ ಇದ್ದ.