ಹೊದಿಕೆಯ ಕೊನೆಯ ಗಂಟು

ವಕೀಲರ ಕರಿ ಕೋಟಿನ ತೋಳಂಚಿನಲ್ಲಿ ಒಂದು ದಾರ ಜೋತಾಡುತ್ತಿದೆ, ಬೆರಳುದ್ದದ್ದು, ಅವರು ಕಾಗದ ತಿರುವಿದಾಗೆಲ್ಲ ಅದೂ ತಿರುಗುತ್ತದೆ, ಮನೆಯಲ್ಲಿ ಹೇಳುವವರಿಲ್ಲವೇ — ಅವಳ ನಾಲಿಗೆ ತಾನಾಗಿ ಹಲ್ಲಿನ ಹಿಂದೆ ಬಂದು ನಿಂತಿತು. ಕೇಳಿದ್ದಕ್ಕಷ್ಟೇ ಹೇಳಿ, ದಾರ ಕತ್ತರಿಸಿದ್ದು ನಿಯಮದ ಪ್ರಕಾರ ಕತ್ತರಿಯಿಂದ ಅಂದ್ಬಿಡಿ, ಎದ್ದು ಬಂದ್ಬಿಡಿ, ಎಂದು ಬೆಳಿಗ್ಗೆ ಹೇಳಿಕೊಟ್ಟವರು ಇವರೇ, ಉಪಗ್ರಹ ಕಟ್ಟುವ ಅವಳ ಕಂಪನಿಯ ವಕೀಲರು, ಒಳ್ಳೆಯವರೇ, ಅವಳಿಗೆ ಕುರ್ಚಿ ಎಳೆದುಕೊಟ್ಟರು. ಎದುರಿಗಿರುವವರು ಉಪಗ್ರಹ ಕೊಂಡವರು, ಭೂಮಿಯ ಚಿತ್ರ ತೆಗೆದು ಮಾರಬೇಕೆಂದಿದ್ದವರು, ಮೇಲೆ ಹೋದ ಒಂಬತ್ತನೆಯ ದಿನದಿಂದ ಅವರ ಕ್ಯಾಮೆರಾಕ್ಕೆ ನದಿಯೂ ಮಂಜು, ಊರೂ ಮಂಜು. ತಪ್ಪು ಯಾರದು, ಹೋಗಿ ನೋಡಿಬರೋಣವೆಂದರೆ ಅದೇನು ಪಕ್ಕದ ಬೀದಿಯೇ, ಐನೂರು ಕಿಲೋಮೀಟರ್ ಮೇಲೆ ಸುತ್ತುತ್ತಿದೆ, ಸಾಕ್ಷಿಯೆಂಬುದು ಉಳಿದಿದ್ದರೆ ಈ ಮೇಜಿನ ಸುತ್ತ ಕೂತವರ ಬಾಯಲ್ಲಿ. ತಪ್ಪು ಮಸೂರದ್ದಾದರೆ ಅದನ್ನು ಉಜ್ಜಿಕೊಟ್ಟ ಗಾಜಿನಜ್ಜನ ತಲೆಗೆ, ಅವರ ಮೂರು ಮೇಜಿನ ಕಾರ್ಖಾನೆಯ ತಲೆಗೆ, ಹೊದಿಕೆಯದ್ದಾದರೆ ಕಂಪನಿಯ ತಲೆಗೆ, ಹೊಲಿಗೆ ಕೋಣೆಯ ಹನ್ನೊಂದು ಹೆಂಗಸರ ತಲೆಗೆ, ಎಲ್ಲರಿಗಿಂತ ಮೊದಲು ಅವಳ ತಲೆಗೆ, ಕ್ಯಾಮೆರಾದ ಕುತ್ತಿಗೆಗೆ ಬಿಸಿಲು ಚಳಿ ತಡೆಯುವ ಚಿನ್ನದ ಬಣ್ಣದ ಹೊದಿಕೆ ಸುತ್ತಿ ಹೊಲಿದವಳು ಅವಳೇ ತಾನೇ. ಬಾಯಿ ಬಿಟ್ಟರೆ ಬಣ್ಣಗೇಡು. ಆ ಹೊಲಿಗೆ ಕೋಣೆಯ ಗಾಳಿ ಒಣಗಾಳಿ, ತುಟಿ ಬಿರಿದು ರಕ್ತ ಜಿನುಗುತ್ತಿತ್ತು, ಬೇರೆ ಯಾರೂ ಕಾಣದ್ದನ್ನು ಮಸೂರ ಕೂರಿಸಲು ಬಂದ ಅಜ್ಜ ಕಂಡರು, ಊಟದ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಪುಟ್ಟ ತಗಡಿನ ಡಬ್ಬಿ ಚಾಚಿ, ತಗೋಮ್ಮ ಮುಲಾಮು, ಗಾಜಿಗಷ್ಟೇ ಅಲ್ಲ, ತುಟಿಗೂ ಪಾಲಿಶ್ ಬೇಕು, ಎಂದರು. ನಕ್ಕಿದ್ದಳು, ನಕ್ಕಾಗ ತುಟಿ ಉರಿದಿತ್ತು, ಹಚ್ಚಿಕೊಂಡಳು, ಒರೆಸಿಕೊಳ್ಳಲಿಲ್ಲ, ಮುಖಗವಸು ಕಟ್ಟಿಕೊಂಡು ಒಳಗೆ ಹೋದಳು, ಕೊನೆಯ ಗಂಟು, ಕತ್ತರಿ ಟ್ರೇಯ ಆ ತುದಿಯಲ್ಲಿ, ಬಿಗಿ ಹಿಡಿದ ದಾರ ಬಿಟ್ಟರೆ ಸಡಿಲ, ಗವಸನ್ನು ಗದ್ದಕ್ಕೆ ಜಾರಿಸಿ — ಹಲ್ಲಿರೋ ತನಕ ಕತ್ತರಿ ಯಾಕೇ, ಅಮ್ಮ ಅನ್ನುತ್ತಿದ್ದಳು, ಅಮ್ಮ ಬಾಗಿಲ ಬೆಳಕಿಗೆ ಕೂತು ಬೀದಿಯವರ ಅಂಗಿಗಳನ್ನೆಲ್ಲ ಹೊಲಿದು, ಪ್ರತಿ ಅಂಗಿಯ ಕೊನೆಗೂ ತಲೆ ಬಾಗಿಸಿ ಕಟ್ ಎನಿಸುತ್ತಿದ್ದಳು, ಬಟ್ಟೆಗೆ ಮುತ್ತು ಕೊಟ್ಟ ಹಾಗೆ. ಕಟ್. ದಾರದ ತುದಿ ಒದ್ದೆ, ಜಿಡ್ಡು, ಮಸೂರಕ್ಕೆ ಎರಡು ಬೆರಳು ದೂರ. ಮೇಲಿನ ಬಿಸಿಲಿಗೆ ಜಿಡ್ಡು ಆವಿಯಾಗುತ್ತದೆ, ತಣ್ಣನೆಯ ಗಾಜು ಕಂಡಲ್ಲಿ ಹೋಗಿ ಕೂರುತ್ತದೆ, ಹೊಸಬರಿಗೆ ಮೊದಲ ದಿನವೇ ಈ ಪಾಠ, ಪಾಠ ಹೇಳುವವಳೂ ಅವಳೇ.

ಕಿಟಕಿಯ ಪಕ್ಕದಲ್ಲಿ ಅಜ್ಜ ಕೂತಿದ್ದಾರೆ, ಇಸ್ತ್ರಿ ಮಾಡಿದ ಅಂಗಿ, ಬೆಳಿಗ್ಗೆ ಮೆಟ್ಟಿಲ ಬಳಿ, ತುಟಿ ಮತ್ತೆ ಒಡೆದಿದೆಯಲ್ಲಮ್ಮ, ಎಂದು ಜೇಬಿಗೆ ಕೈ ಹಾಕಿದರು, ಅದೇ ಡಬ್ಬಿ, ಬೇಡ ಅಜ್ಜ, ಬೇಡ ಅಂದ್ರೆ ಬೇಡ, ಎಂದು ಗದರಿಬಿಟ್ಟಳು, ಅವರು ಪೆಚ್ಚಾಗಿ ಡಬ್ಬಿಯನ್ನು ಒಳಗಿಟ್ಟುಕೊಂಡರು, ಆಮೇಲೆ ಮೆಲ್ಲಗೆ, ನನ್ನ ಕಣ್ಣೇ ಮಂಜಾಗಿತ್ತೇನೋಮ್ಮ, ಉಜ್ಜೋವಾಗ, ಯಾರಿಗ್ಗೊತ್ತು. ನಂಬತೊಡಗಿದ್ದಾರೆ, ದೇವರೇ, ತಮ್ಮದೇ ತಪ್ಪೆಂದು ನಂಬತೊಡಗಿದ್ದಾರೆ. ಆ ಕೊನೆಯ ಗಂಟನ್ನು ಒಮ್ಮೆ ಹಾಕಿ ತೋರಿಸ್ತೀರಾಮ್ಮ, ಗಾಬರಿ ಬೇಡ, ನಿಧಾನವಾಗಿ, ಎಂದರು ನಡುವೆ ಕೂತ ತೀರ್ಪುಗಾರ್ತಿ. ಟ್ರೇ ಬಂತು, ಅಂಗೈಯಗಲ ಚಿನ್ನದ ಬಣ್ಣದ ಹೊದಿಕೆಯ ತುಂಡು, ಸೂಜಿ, ದಾರ, ಕತ್ತರಿ, ಬಲಗೈಗೆ ಸಿಗುವಂತೆ ಯಾರೋ ಪುಣ್ಯಾತ್ಮರು ಕತ್ತರಿಯನ್ನು ಈ ಕಡೆಗೇ ಇಟ್ಟಿದ್ದಾರೆ, ಅಷ್ಟೇ, ಎತ್ತಿಕೊಂಡರಾಯಿತು, ಕತ್ತರಿಸಿದರಾಯಿತು, ಹನ್ನೊಂದು ಜನ ನಾಳೆಯೂ ಕೆಲಸಕ್ಕೆ ಬರುತ್ತಾರೆ, ಸೂಜಿ ಹೋಯಿತು, ಸೂಜಿಯ ಹಿಂದೆ ದಾರ, ಒಂದು ಸುತ್ತು, ಎರಡು, ಮೂರು, ಬಿಗಿ ಹಿಡಿ, ವಕೀಲರ ತೋಳಂಚಿನ ದಾರವೂ ಅಲುಗದೆ ನಿಂತಿದೆ, ಅಜ್ಜ ಕಣ್ಣು ಕಿರಿದಾಗಿಸಿ ಮುಂದಕ್ಕೆ ಬಾಗಿದ್ದಾರೆ, ಕತ್ತರಿ ಇಲ್ಲೇ ಇದೆ, ಕತ್ತರಿ, ಯಾರು ಈ ತಲೆಯನ್ನು ಬಾಗಿಸುತ್ತಿರುವವರು, ಅಮ್ಮನೇ, ಕೈಯ ಮೂವತ್ತು ವರ್ಷದ ರೂಢಿಯೇ, ಆ ಡಬ್ಬಿಯೇ, ಚಿನ್ನ ಕಣ್ಣಿಗೆ ಹತ್ತಿರ ಹತ್ತಿರ, ಅದರಲ್ಲಿ ಒಡೆದ ತುಟಿ, ತುಟಿಯ ಒಳಗೆ ಹಲ್ಲು, ಹಲ್ಲುಗಳ ನಡುವೆ ದಾರ, ಕತ್ತರಿ ಟ್ರೇಯಲ್ಲೇ ಉಳಿದಿದೆ, ಹಲ್ಲುಗಳ ನಡುವೆ ದಾರ, ಹಲ್ಲುಗಳ ನಡುವೆ ದಾರ —