ತವರಿನ ಅಡ್ಡಹೆಸರು

“ಅಪ್ಪಾ, ನೀ ಹೇಳಿದ ಹೆಸರು ಬ್ಯಾಂಕಿನವ್ರು ತಿರುಗಿ ಕಳಿಸ್ಯಾರ,” ಎಂದಳು ಸ್ನೇಹಾ.

ವಿರೂಪಾಕ್ಷಪ್ಪ ಗಿರಾಕಿಗೆ ಹಗ್ಗ ಅಳೆಯುತ್ತಿದ್ದ. ಮೊಬೈಲು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಮುಂಡರಗಿಯಲ್ಲಿ ಮಧ್ಯಾಹ್ನದ ಮೂರು ಗಂಟೆ; ಮಗಳಿದ್ದ ಡಬ್ಲಿನ್ನಿನಲ್ಲಿ ಇನ್ನೂ ಬೆಳಗಿನ ಹತ್ತೂವರೆ. ಮೇಲಿನ ಓದಿಗೆಂದು ಅವಳು ಹೋಗಿ ಮೂರು ವಾರವಾಗಿತ್ತಷ್ಟೆ.

“ಯಾವ ಹೆಸರು?”

“ಅವ್ವಂದು. ಮದುವಿಗೆ ಮೊದಲಿನ ಅಡ್ಡಹೆಸರು. ಖಾತೆ ತೆರಿಯೂ ಫಾರ್ಮಿನಾಗ ಕೇಳಿದ್ರಲ್ಲ. ಅದು ಗುಪ್ತ ಉತ್ತರ ಇದ್ದಂಗ, ನಾ ಫೋನ್ ಮಾಡಿದಾಗ ಅದನ್ನ ಕೇಳಿ ನನ್ನ ಗುರುತು ಹಿಡೀತಾರ. ನೀ ‘ಅಂಗಡಿ ಅಂತ ಬರಿ’ ಅಂದಿ. ನಿನ್ನ ಹೆಸರಿನಾಗ ಇರೂದನ್ನ ಗುಪ್ತ ಅಂತ ಹೆಂಗ ಇಡ್ತೀ ಅಂತ ಈಗ ಕೇಳ್ಯಾರ.”

ಅವನಿಗೆ ನೆನಪಾಯಿತು. ಹೊರಡುವ ಮೊದಲು ಇದೇ ಗಲ್ಲಾದ ಪಕ್ಕ ಕುಳಿತು ಅವಳು ಫಾರ್ಮು ತುಂಬಿದ್ದಳು. ಆ ಪ್ರಶ್ನೆ ಕೇಳಿದಾಗ ಇವನು ತಲೆ ಎತ್ತದೆ, “ನಮ್ಮ ಅಡ್ಡಹೆಸರ ಐತಲ್ಲ, ಅಂಗಡಿ ಅಂತ ಬರಿ,” ಎಂದು ಸಾಗಹಾಕಿದ್ದ. ಸುಳ್ಳು ಏಳು ಸಮುದ್ರ ದಾಟಿ ಹೋಗಿ ಮೂರೇ ವಾರಕ್ಕೆ ಮನೆ ಹುಡುಕಿಕೊಂಡು ವಾಪಸು ಬಂದಿತ್ತು.

“ಏನರ ಒಂದು ಬರದು ಬಿಡವಾ.”

“ಎಲ್ಲಾ ಖರೆ ಐತಿ ಅಂತ ಸಹಿ ಮಾಡಬೇಕಪ್ಪಾ. ಒಮ್ಮೆ ತಪ್ಪು ಬರದಾಗೇತಿ. ಪಗಾರ ಹಾಕಾಕ ಶುಕ್ರವಾರದೊಳಗ ಖಾತೆ ಆಗಲಿಲ್ಲಂದ್ರ ನನಗ ಸಿಕ್ಕ ಲೈಬ್ರರಿ ಕೆಲಸ ಬ್ಯಾರೆಯವ್ರಿಗೆ ಹೋಗ್ತೈತಿ.”

“ನಿಮ್ಮವ್ವನ್ನ ಕೇಳು ಹಂಗಾರ.”

“ಕೇಳಿದೆ. ‘ಆ ಹೆಸರು ನಾ ಈ ಮನ್ಯಾಗ ಹೇಳೂಹಂಗಿಲ್ಲ, ನಿಮ್ಮಪ್ಪನ್ನ ಕೇಳು’ ಅಂದ್ಲು.” ಸ್ನೇಹಾ ಮುಂದುವರಿಸಿದಳು. “ಇದೇನಪ್ಪಾ? ನಮ್ಮವ್ವನ ಮನಿತನದ ಹೆಸರು ಬ್ಯಾಂಕಿನಾಕಿ ಕೇಳಿದ್ಲು. ನನಗ ಗೊತ್ತಿಲ್ಲ ಅನ್ನಾಕ ನಾಚಿಕಿ ಆತು.”

ಅರ್ಧ ತಾಸು ಬಿಟ್ಟು ಮಾಡುತ್ತೇನೆ ಎಂದು ಅವನು ಫೋನಿಟ್ಟ. ಹಗ್ಗವನ್ನು ಎಷ್ಟು ಮೊಳ ಅಳೆದಿದ್ದೆ ಎಂಬುದು ಮರೆತುಹೋಗಿ ಮತ್ತೆ ಮೊದಲಿನಿಂದ ಅಳೆದ.

ಆ ಹೆಸರನ್ನು ಮನೆಯಿಂದ ಹೊರಹಾಕಿದವನು ಅವನೇ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಸ್ನೇಹಾ ಆಗ ನಾಲ್ಕರ ಕೂಸು. ಹೆಂಡತಿ ವಾಣಿಶ್ರೀಯ ತಮ್ಮ ಶಿವಯೋಗಿ ಪ್ರತಿ ವರ್ಷದಂತೆ ಡಬ್ಬಿ ತುಂಬ ಶೇಂಗಾದುಂಡಿ ತುಂಬಿಕೊಂಡು, ಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಯಳವತ್ತಿಯಿಂದ ಬಂದಿದ್ದ. ಬಂದವನು ಸುಮ್ಮನೆ ಕೂಡುವ ಜಾತಿಯಲ್ಲ. ಅಂಗಡಿಯಲ್ಲಿ ನಿಂತು ಗೋಣಿಚೀಲ ಎಣಿಸಿಕೊಟ್ಟ, ಕಸ ಹೊಡೆದ. ಅದೇ ದಿನ ವಿರೂಪಾಕ್ಷಪ್ಪನ ಬಂಗಾರದ ಉಂಗುರ ಕಾಣೆಯಾಯಿತು. ಅವನ ಅಪ್ಪ ಸಾಯುವ ಮುಂಚೆ ತನ್ನ ಬೆರಳಿನಿಂದ ತೆಗೆದು ಮಗನಿಗೆ ತೊಡಿಸಿದ ಉಂಗುರ. ಸಿಟ್ಟು ನೆತ್ತಿಗೇರಿ, ಬಜಾರದ ನಾಲ್ಕು ಮಂದಿಯ ಎದುರಿಗೇ, “ಕರೆಯಾಕ ಬಂದಾವ ಬರೇಗೈಲೆ ಹೋಗಂಗಿಲ್ಲ ನೋಡ್ರಿ,” ಎಂದುಬಿಟ್ಟ.

ಶಿವಯೋಗಿ ಜೇಬುಗಳನ್ನು ಒಳಗಿನ ಬಟ್ಟೆ ಹೊರಬರುವಂತೆ ತಿರುವಿ, ಒಂದು ಹಣಿಗೆ, ಬಸ್ಸಿನ ಟಿಕೀಟು, ಸ್ವಲ್ಪ ಚಿಲ್ಲರೆ, ಇಷ್ಟನ್ನೂ ಗಲ್ಲಾದ ಮೇಲಿಟ್ಟ. ಆಮೇಲೆ ಅವನ್ನು ಹಾಗೇ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅಂದು ಸಂಜೆ ಮನೆಯಲ್ಲಿ ಅಪ್ಪಣೆಯಾಯಿತು: ಆ ಮನೆಯವರ ಹೆಸರು ಇನ್ನು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು. ವಾಣಿಶ್ರೀ ಜಗಳವಾಡಲಿಲ್ಲ. ಹೇಳಿದ್ದನ್ನು ಅಕ್ಷರಶಃ ನಡೆಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಉಂಗುರ ಮಾತ್ರ ಹೋಗಿರಲಿಲ್ಲ. ಆರು ವರ್ಷದ ಮೇಲೆ ತಕ್ಕಡಿ ತೆಗೆದು ಕರೆಂಟಿನ ತೂಕದ ಯಂತ್ರ ತಂದಾಗ, ಹಳೆಯ ತೂಕದ ಕಲ್ಲುಗಳ ಕಟ್ಟಿಗೆ ಪೆಟ್ಟಿಗೆಯಲ್ಲಿ, ಐದು ಕಿಲೋದ ಕಲ್ಲಿನ ಅಡಿಗೆ ಅದು ಕುಳಿತಿತ್ತು. ಗಂಟು ಬಿಗಿಯುವಾಗ ಒತ್ತುತ್ತದೆಂದು ತಾನೇ ಬಿಚ್ಚಿ ಇಟ್ಟದ್ದು. ಅವನು ಅದನ್ನು ಬೆರಳಿಗೂ ಹಾಕಿಕೊಳ್ಳಲಿಲ್ಲ, ಯಾರಿಗೂ ಹೇಳಲಿಲ್ಲ. ಖಾಲಿ ತಂಬಾಕಿನ ಡಬ್ಬಿಯೊಳಗಿಟ್ಟು ಗಲ್ಲಾದ ಮೂಲೆಗೆ ತಳ್ಳಿದ. ಇವತ್ತು ಹೇಳೋಣ, ಅಮಾವಾಸ್ಯೆ ಕಳೆಯಲಿ, ಸುಗ್ಗಿಯ ವ್ಯಾಪಾರ ಮುಗಿಯಲಿ ಎಂದು ದಿನ ದೂಡಿದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಗಿತ್ತು ಅವನ ಬಾಳು. ಯಾರಾದರೂ ಯಳವತ್ತಿ ಎಂದರೂ ಸಾಕು, ಕೈ ಗಲ್ಲಾಕ್ಕೆ ಹೋಗುತ್ತಿತ್ತು.

ಹೀಗೆ ದಿನ ದೂಡುತ್ತಿರುವಾಗಲೇ, ಉಂಗುರ ಸಿಕ್ಕ ಎಂಟು ತಿಂಗಳಿಗೆ, ಅತ್ತೆ ಗದಿಗೆವ್ವ ತೀರಿಕೊಂಡ ಸುದ್ದಿ ಬಂತು. ವಾಣಿಶ್ರೀ ಕೈಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಅವನು ಬಾಯಿ ತೆರೆದ. ಉಂಗುರದ ಮಾತು ಬರಬೇಕಾದಲ್ಲಿ, “ಹೋಗೂದಾದ್ರ ಹೋಗು, ತಿರುಗಿ ಬರೂದು ಮಾತ್ರ ನಿನಗ ಬಿಟ್ಟದ್ದು,” ಎಂಬ ಮಾತು ಬಂತು. ಅವಳು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಚೀಲ ಕೆಳಗಿಟ್ಟು, ತಲೆಯ ಮೇಲೆ ನೀರು ಸುರಿದುಕೊಂಡು ಬಂದು ಒಲೆ ಹಚ್ಚಿದಳು.

ಇಷ್ಟು ವರ್ಷವಾದರೂ ಆ ಒಲೆಯ ಮುಂದಿನ ಒದ್ದೆ ಬೆನ್ನು ಅವನ ಕಣ್ಣಿನಿಂದ ಹೋಗಿಲ್ಲ.

ಗಿರಾಕಿಯನ್ನು ಸಾಗಹಾಕಿ, ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಅವನು ಅಂಗಡಿ ಮುಚ್ಚಿದ. ಪಕ್ಕದ ಅಂಗಡಿಯ ಮಹಬೂಬಸಾಬ, “ಯಾಕ್ರಿ ಇಷ್ಟು ಜಲ್ದಿ?” ಎಂದು ಕೇಳುವಷ್ಟರಲ್ಲಿ ಮನೆಯ ಹಾದಿ ಹಿಡಿದಿದ್ದ.

ವಾಣಿಶ್ರೀ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅವನು ಚಪ್ಪಲಿ ಬಿಟ್ಟು ಎದುರಿಗೆ ಕುಳಿತ. ಡಬ್ಬಿಯನ್ನು ನೆಲದ ಮೇಲಿಟ್ಟು ಮುಚ್ಚಳ ತೆಗೆದ.

“ಇದು ನನ್ನ ಕಡೇನ ಇತ್ತು,” ಎಂದ. “ತೂಕದ ಪೆಟಿಗ್ಯಾಗ ಸಿಕ್ಕಿತ್ತು. ನಿಮ್ಮವ್ವ ತೀರಿಕೊಳ್ಳೂಕಿಂತ ಮೊದಲ ಸಿಕ್ಕಿತ್ತು.”

ಕೊನೆಯ ಮಾತನ್ನು ನುಂಗಿಬಿಡಬಹುದಿತ್ತು. ದಾರಿಯುದ್ದಕ್ಕೂ ಹಾಗೇ ಎಂದುಕೊಂಡು ಬಂದಿದ್ದ. ಆದರೆ ಅವಳ ಮುಖ ನೋಡಿದ ಮೇಲೆ ಆಗಲಿಲ್ಲ.

ವಾಣಿಶ್ರೀ ಜೋಳದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. “ಗೊತ್ತೈತ್ರಿ,” ಎಂದಳು.

“ಏನು ಗೊತ್ತೈತಿ?”

“ಅವ್ವ ಸತ್ತ ವರ್ಷ ದೀಪಾವಳಿ ಪೂಜಿಗಿ ಗಲ್ಲಾ ಒರಸಾಕ ನನ್ನ ಕಳಿಸಿದ್ರಲ್ಲ, ಆವಾಗ ನೋಡೇನಿ. ಒರಸಿ ಅಲ್ಲೇ ಇಟ್ಟೆ. ಪ್ರತಿ ವರ್ಷ ಒರಸಿ ಅಲ್ಲೇ ಇಡ್ತೀನಿ.”

ಅವನು ಲೆಕ್ಕ ಹಾಕಿದ. ಹನ್ನೆರಡು ದೀಪಾವಳಿ. ಪ್ರತಿ ಸಲವೂ ಅವಳು ಗಲ್ಲಾಕ್ಕೆ ಅರಿಶಿನ ಕುಂಕುಮ ಹಚ್ಚಿ ಅವನ ಕಾಲಿಗೂ ನಮಸ್ಕಾರ ಮಾಡಿದ್ದಳು. ಅವನು ಕಾಲು ಮುಂದೆ ಚಾಚಿದ್ದ.

“ಒಂದು ಮಾತು ಕೇಳಬಾರದಾಗಿತ್ತೇನು ನನ್ನ?”

“ಕೇಳಿದ್ರ ನೀವು ಬ್ಯಾರೆ ಸುಳ್ಳು ಹೇಳ್ತಿದ್ರಿ. ನೀವ ಆಗಿ ಹೇಳ್ತೀರೇನು ಅಂತ ಕಾದೆ.” ಅವಳು ಮೊರ ಕೆಳಗಿಟ್ಟಳು. “ಅವ್ವನ ಮಣ್ಣಿಗಿ ಹೋಗಲಿಲ್ಲ ನಾ. ಅದನ್ನ ಯಾರೂ ತಿರುಗಿ ಕೊಡಾಕ ಬರಂಗಿಲ್ಲ. ಅದು ಇರ್ಲಿ. ಹುಡುಗಿ ಕಾಯಾಕತ್ತಾಳ, ಹೇಳ್ರಿ ಅಕಿಗೆ.”

ತಾನೇ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಅವನ ಮುಂದೆ ಹಿಡಿದಳು.

“ಸಿಕ್ತೇನಪ್ಪಾ?” ಎಂದಳು ಸ್ನೇಹಾ.

ಅವನು ಫೋನಿನ ಹತ್ತಿರ ಬಾಗಿದ. “ಮೆಣಸಿನಕಾಯಿ,” ಎಂದ. “ಯಳವತ್ತಿ ಮೆಣಸಿನಕಾಯಿ ಮನಿತನ, ನಿಮ್ಮವ್ವಂದು.”

“ಖರೇನ?” ಮಗಳು ನಕ್ಕಳು. “ಇಷ್ಟು ಚಂದ ಹೆಸರು ಇಟ್ಕೊಂಡು ನನಗ ಹೇಳಲಿಲ್ಲೇನವ್ವಾ? ಇವ್ರಿಗೆ ಇದನ್ನ ಉಚ್ಚಾರ ಮಾಡಾಕ ಒಂದು ದಿನ ಹಿಡೀತೈತಿ.” ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತ ಅವಳು ಬರೆದುಕೊಳ್ಳುವುದು ಕೇಳಿಸುತ್ತಿತ್ತು. ವಾಣಿಶ್ರೀ ಕಣ್ಣು ಮುಚ್ಚಿ, ಮುಗಿಯುವವರೆಗೂ ಆಲಿಸಿದಳು.

ಫೋನಿಟ್ಟ ಮೇಲೆ ಅವನು, “ನಾಳೆ ಇಬ್ಬರೂ ಯಳವತ್ತಿಗಿ ಹೋಗೂನು,” ಎಂದ.

“ನೀವ ಹೋಗ್ರಿ. ಡಬ್ಬಿ ತಗೊಂಡು ಹೋಗ್ರಿ.” ಅವಳು ಮತ್ತೆ ಮೊರ ಎತ್ತಿಕೊಂಡಳು. “ನಾ ಬರೂದು ಪಂಚಮಿಗಿ. ನನ್ನ ತಮ್ಮ ಉಂಡಿ ಕಟ್ಟಿಕೊಂಡು ಕರೆಯಾಕ ಬಂದ್ರ.”

“ಅವ ಬರ್ತಾನೇನು?”

“ಅದನ್ನ ನೀವ ಕೇಳಿಕೊಂಡು ಬರ್ರಿ.”

ಮರುದಿನ ಮಧ್ಯಾಹ್ನ ಅವನು ಲಕ್ಷ್ಮೇಶ್ವರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ. ಬಸ್ಸು ಊರು ದಾಟುವಾಗ ಮೊಬೈಲು ಸದ್ದು ಮಾಡಿತು. ಖಾತೆ ಆಯಿತು ಎಂದು ಸ್ನೇಹಾ ಫಾರ್ಮಿನ ಫೋಟೋ ಕಳಿಸಿದ್ದಳು. ಅವಳ ಹೆಸರು, ತನ್ನ ಹೆಸರು, ಮುಂಡರಗಿಯ ವಿಳಾಸ ಎಲ್ಲ ಇತ್ತು. ತಾಯಿಯ ತವರಿನ ಹೆಸರಿದ್ದ ಸಾಲಿನಲ್ಲಿ ಮಾತ್ರ ಯಾರ ಕಣ್ಣಿಗೂ ಬೀಳದಂತೆ ಬರೀ ಕಪ್ಪು ಚುಕ್ಕೆಗಳಿದ್ದವು. ಅವನು ಆ ಚುಕ್ಕೆಗಳ ಮೇಲೆ ಬೆರಳಾಡಿಸಿದ.

“ಎಲ್ಲಿಗ್ರಿ ಯಜಮಾನ್ರ?” ಕಂಡಕ್ಟರ್ ಬಂದು ನಿಂತ.

“ಯಳವತ್ತಿಗಿ.”

“ಈ ಬಸ್ಸು ಅಲ್ಲೀತನಕ ಹೋಗಂಗಿಲ್ರಿ. ಲಕ್ಷ್ಮೇಶ್ವರದಾಗ ಇಳದು ಬ್ಯಾರೆ ಹಿಡೀಬೇಕು. ಯಾರ ಮನಿಗಿ ಹೊಂಟೀರಿ? ನಮ್ಮ ಬೀಗರು ಅದಾರ ಆ ಊರಾಗ.”

“ಮೆಣಸಿನಕಾಯಾರ ಮನಿಗಿ.”

“ಶಿವಯೋಗಿಯವರ ಮನಿಗೇನು? ಭಾಳ ಒಳ್ಳೇ ಮಂದಿ,” ಎಂದು ಕಂಡಕ್ಟರ್ ಟಿಕೀಟು ಹರಿದ. “ಚಿಲ್ಲರಿ ಕೊಡ್ರಿ.”

ವಿರೂಪಾಕ್ಷಪ್ಪ ಚಿಲ್ಲರೆಗಾಗಿ ಜೇಬು ತಡಕಾಡಿದ. ಸಿಗಲಿಲ್ಲ. ಜೇಬಿನಲ್ಲಿದ್ದುದನ್ನು ಒಂದೊಂದಾಗಿ ಹೊರತೆಗೆದು ತೊಡೆಯ ಮೇಲಿಡತೊಡಗಿದ. ಹಣಿಗೆ, ಡಬ್ಬಿ, ಈಗಷ್ಟೇ ಕೊಟ್ಟ ಟಿಕೀಟು. ಎಲ್ಲ ಬಂದ ಮೇಲೂ ಕೈ ಒಳಗೇ ಇತ್ತು. ತೆಗೆದಾಗ ಜೇಬಿನ ಬಿಳಿ ಬಟ್ಟೆಯೂ ಅದರ ಜೊತೆಗೇ ತಿರುವಿಕೊಂಡು ಹೊರಗೆ ಬಂತು.