ಕಾಮಾಲೆಯ ಎರಡನೇ ದಿಬ್ಬ

ಊರಿನಲ್ಲಿ ಕಾಮಾಲೆ ಹಬ್ಬಿ, ಹಣ್ಣಿನ ರಸದ ಅಂಗಡಿಗೆ ಬೀಗ ಬಿದ್ದಿತ್ತು. ಕೊಳಕು ಐಸ್ ಬಳಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿತ್ತು. ಬೀಗ ಬಿದ್ದ ಮೇಲೂ ಜನ ಹಾಸಿಗೆ ಹಿಡಿಯುತ್ತಲೇ ಇದ್ದರು; ಕೊನೆಗೆ ಅಂಗಡಿಯವನ ಹೆಂಡತಿಯೇ ತೀರಿಹೋದಳು.

ಮನೆಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ ಆರೋಗ್ಯ ಕಚೇರಿಯಲ್ಲಿ ಅಂಕಿಅಂಶದ ಕೆಲಸಕ್ಕಿದ್ದಳು. ಯಾವ ದಿನ ಎಷ್ಟು ಜನಕ್ಕೆ ಕಾಯಿಲೆ ಬಂತು ಎಂಬುದರ ಚಿತ್ರ ಬರೆಯುವುದು ಅವಳ ಪಾಲಿಗೆ ಬಂತು. ದಿನಕ್ಕೊಂದು ಕಂಬ ನಿಲ್ಲಿಸಿದರೆ ಹಲ್ಲು ಮುರಿದ ಬಾಚಣಿಗೆಯಂತೆ ಕಾಣುತ್ತಿತ್ತು. ಅದಕ್ಕೇ ಅವಳು ಪ್ರತಿ ರೋಗಿಯ ತಾರೀಖಿನ ಮೇಲೆ ಒಂದೊಂದು ಪುಟ್ಟ ದಿಬ್ಬ ಇಟ್ಟು, ಎಲ್ಲವನ್ನೂ ಕೂಡಿಸಿ ನುಣುಪಾದ ಗೆರೆ ಎಳೆದಳು. ದಿಬ್ಬ ಎಷ್ಟು ಅಗಲವಿರಬೇಕು ಎನ್ನುವುದರಲ್ಲೇ ಕಸುಬೆಲ್ಲ ಇತ್ತು. ತೀರಾ ಅಗಲವಾದರೆ ಎಲ್ಲ ಕಲಸಿಹೋಗುತ್ತದೆ, ತೀರಾ ಕಿರಿದಾದರೆ ಬರೀ ಗರಗಸ. ಕೆಲವು ರೋಗಿಗಳನ್ನು ಬದಿಗಿಟ್ಟು, ಉಳಿದವರಿಂದ ಎಳೆದ ಗೆರೆ ಯಾವ ಅಗಲದಲ್ಲಿ ಅವರ ತಾರೀಖನ್ನು ಚೆನ್ನಾಗಿ ಊಹಿಸುತ್ತದೋ ಆ ಅಗಲವನ್ನೇ ಆರಿಸಿದಳು.

ಕಂಪ್ಯೂಟರ್ ತೆರೆಯ ಮೇಲೆ ಎರಡು ದಿಬ್ಬಗಳು ಎದ್ದವು. ನಡುವೆ ಆಳವಾದ ತಗ್ಗು.

"ಸ್ವಲ್ಪ ಅಗಲ ಮಾಡಮ್ಮ, ಎರಡೂ ಸೇರ್ಕೊಳ್ಳತ್ತೆ," ಎಂದರು ಸಾಹೇಬರು. ಅವರಿಗೆ ವರದಿ ಮುಗಿದರೆ ಸಾಕಾಗಿತ್ತು.

ಅವಳು ಸೇರಿಸಲಿಲ್ಲ. ಈ ಕಾಮಾಲೆ ಮೈಗೆ ಹೊಕ್ಕ ಮೇಲೆ ಹೊರಬೀಳಲು ಸುಮಾರು ಒಂದು ತಿಂಗಳು ಬೇಕು. ಮೊದಲ ದಿಬ್ಬವನ್ನು ಅಷ್ಟು ಹಿಂದಕ್ಕೆ ಸರಿಸಿದಾಗ ಅದು ಅಂಗಡಿ ನಡೆಯುತ್ತಿದ್ದ ದಿನಗಳ ಮೇಲೆ ಕೂತಿತು. ಎರಡನೆಯದು ಕೂತದ್ದು ಅಂಗಡಿಗೆ ಆಗಲೇ ಬೀಗ ಬಿದ್ದಿದ್ದ ಒಂದು ವಾರದ ಮೇಲೆ. ಅಂಗಡಿಯವನ ಹೆಂಡತಿಯೂ ಆ ಸರದಿಯಲ್ಲೇ ಇದ್ದಳು. ಆ ಸರದಿಯವರ ಮನೆಗಳಲ್ಲಿ ಮೊದಲು ಯಾರಿಗೂ ಕಾಯಿಲೆ ಇರಲಿಲ್ಲ, ಮನೆಯವರಿಂದ ಅಂಟಿದ್ದಲ್ಲ. ಎಲ್ಲರ ಮನೆಗೂ ಬರುತ್ತಿದ್ದದ್ದು ನಲ್ಲಿ ನೀರು.

ಅದು ಯಾವ ವಾರ ಎಂದು ಅವಳಿಗೆ ಹೊಳೆಯಿತು. ನೀರು ಸೋಸುವ ಘಟಕದ ಮುಖ್ಯಸ್ಥ ಅವಳ ಅಪ್ಪ. ಒಂದು ದಿನವೂ ನಲ್ಲಿ ನಿಲ್ಲಿಸದೆ ಇಡೀ ಘಟಕ ರಿಪೇರಿ ಮಾಡಿಸಿದರೆಂದು ಊರೆಲ್ಲ ಅವರನ್ನು ಹೊಗಳಿದ ವಾರ ಅದು.

ಮನೆಗೆ ಬಂದು ಚಿತ್ರವನ್ನು ಅಪ್ಪನ ಮುಂದಿಟ್ಟಳು. ಅವರು ಎರಡನೇ ದಿಬ್ಬ ಕೂತ ವಾರದ ಮೇಲೆ ಬೆರಳಿಟ್ಟರು.

"ಆ ವಾರ ನೀರು ಸೋಸದೇನೇ ಬಿಟ್ಟೆ," ಎಂದರು. "ಕ್ಲೋರಿನ್ ಜಾಸ್ತಿ ಹಾಕಿದ್ದೆ. ಸಾಕಾಗತ್ತೆ ಅಂದ್ಕೊಂಡಿದ್ದೆ ಗುಬ್ಬಿ."

ಅಪ್ಪ ಚಪ್ಪಲಿ ಮೆಟ್ಟಿ, ಮೊದಲು ಅಂಗಡಿಯವನ ಮನೆಗೆ ಹೋಗಬೇಕು ಎಂದರು. ಗುಬ್ಬಿಯೂ ಹೊರಟಳು.

ಅಂಗಡಿಯವನು ಬಾಗಿಲು ತೆರೆದ. ಗಡ್ಡ ಬೆಳೆದಿತ್ತು. ಅಪ್ಪ ನಿಂತಲ್ಲೇ ಚಿತ್ರ ತೋರಿಸಿ ಎಲ್ಲವನ್ನೂ ಹೇಳಿದರು. ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಗುಬ್ಬಿ ಕಾದಳು. ಅವನು ಅಪ್ಪನನ್ನು ಬಿಟ್ಟು ಅವಳ ಕಡೆ ತಿರುಗಿದ.

"ಹಾಗಾದ್ರೆ ನನ್ನ ಹೆಂಡ್ತಿ ಹೋಗಿದ್ದು ನನ್ನಿಂದ ಅಲ್ವಾ?"

"ಅಲ್ಲಣ್ಣ."

ಅವನು ಹೊಸ್ತಿಲ ಮೇಲೆ ಕೂತ. ಮೊದಲ ದಿಬ್ಬ ತನ್ನದೇ ತಾನೆ ಎಂದು ತಾನಾಗಿಯೇ ಕೇಳಿದ. ಹೌದೆಂದಳು. ತಲೆಯಾಡಿಸಿದ.

ವರದಿ ಎರಡು ದಿಬ್ಬಗಳೊಂದಿಗೇ ಹೋಯಿತು. ಅಪ್ಪ ತಪ್ಪೊಪ್ಪಿಕೊಂಡು ಸಹಿ ಹಾಕಿದರು, ಕೆಲಸ ಹೋಯಿತು, ವಿಚಾರಣೆ ನಡೆಯುತ್ತಿದೆ. ಮನೆಯಲ್ಲಿ ಅಪ್ಪ ಮಗಳು ಮಾತಾಡುತ್ತಾರೆ. ಆದರೆ ಅವಳು ಲೋಟಕ್ಕೆ ನೀರು ಬಗ್ಗಿಸಿದಾಗೆಲ್ಲ ಅವರು ಎದ್ದು ಹೊರಗೆ ಹೋಗುತ್ತಾರೆ.